ಅಸೆಂಬ್ಲಿ ಲೂಪ್‌ಗೆ 16 ಥ್ರೆಡ್ ಕೊಟ್ಟರೆ ಉತ್ತರ ತಪ್ಪು, ಬೀಗ ಹಾಕಿದರೆ ನಿಧಾನ: ಏನು ಮಾಡಬೇಕು?

ಪ್ರಶ್ನೆ: ನನ್ನದು 8 ನೋಡ್‌ನ ಹೆಕ್ಸಾ ಎಲಿಮೆಂಟ್ ಬಳಸುವ ಫೈನೈಟ್ ಎಲಿಮೆಂಟ್ ಕೋಡ್. ಮುಖ್ಯ ಭಾಗ ಸಿ ಪ್ಲಸ್‌ಪ್ಲಸ್‌ನಲ್ಲಿದೆ, ಮೆಟೀರಿಯಲ್ ಮಾಡೆಲ್‌ಗಳು ಹಳೆಯ ಫೋರ್ಟ್ರಾನ್ ಸಬ್‌ರೂಟೀನ್‌ಗಳು. ಸುಮಾರು 10 ಲಕ್ಷ ಎಲಿಮೆಂಟ್, ಅಷ್ಟೇ ನೋಡ್, ನೋಡಿಗೆ 3 ಡಿಒಎಫ್ (ಮೂರು ದಿಕ್ಕಿನ ಸ್ಥಾನಪಲ್ಲಟಗಳು). ಎರಡು ಪ್ರೊಸೆಸರ್ ಸೇರಿ 16 ಕೋರ್ ಇರುವ ಯಂತ್ರದಲ್ಲಿ ಅಸೆಂಬ್ಲಿ ಲೂಪ್‌ಗೆ, ಅಂದರೆ ಪ್ರತಿ ಎಲಿಮೆಂಟ್‌ನ ಪುಟ್ಟ ಮ್ಯಾಟ್ರಿಕ್ಸ್ ಲೆಕ್ಕ ಹಾಕಿ ಇಡೀ ಮಾದರಿಯ ಗ್ಲೋಬಲ್ ಮ್ಯಾಟ್ರಿಕ್ಸ್‌ಗೆ ಕೂಡಿಸುವ ಲೂಪ್‌ಗೆ, ಓಪನ್‌ಎಂಪಿಯ ಪ್ಯಾರಲಲ್ ಫಾರ್ (ಲೂಪ್‌ನ ಕೆಲಸವನ್ನು ಥ್ರೆಡ್‌ಗಳಿಗೆ ಹಂಚುವ ಆದೇಶ) ಹಾಕಿದೆ. ಓಡಿಸಿದಾಗಲೆಲ್ಲ ಬೇರೆ ಬೇರೆ ಉತ್ತರ ಬಂತು. ಗ್ಲೋಬಲ್ ಮ್ಯಾಟ್ರಿಕ್ಸ್‌ಗೆ ಕೂಡಿಸುವ ಜಾಗಕ್ಕೆ ಕ್ರಿಟಿಕಲ್ (ಒಮ್ಮೆಗೆ ಒಂದೇ ಥ್ರೆಡ್ ಒಳಗೆ ಬಿಡುವ ಬೀಗ) ಹಾಕಿದೆ. ಉತ್ತರ ಸರಿಯಾಯಿತು, ಆದರೆ ಒಂದೇ ಥ್ರೆಡ್‌ನಲ್ಲಿ ಓಡಿಸುವುದಕ್ಕಿಂತ ನಿಧಾನ. ಪ್ಲಾಸ್ಟಿಸಿಟಿಯೂ (ವಸ್ತುವಿನ ಶಾಶ್ವತ ರೂಪಬದಲಾವಣೆ) ಇದೆ. ಮುಂದೆ ಎಂಪಿಐಗೆ (ಬೇರೆ ಬೇರೆ ಪ್ರೊಸೆಸ್‌ಗಳು ಸಂದೇಶ ಕಳಿಸಿಕೊಂಡು ಕೆಲಸ ಹಂಚಿಕೊಳ್ಳುವ ವ್ಯವಸ್ಥೆ) ಹೋಗುವ ಯೋಚನೆಯೂ ಇದೆ. ಸರಿಯಾದ ದಾರಿ ಯಾವುದು?

ಉತ್ತರ: ನಿಮಗೆ ಎದುರಾಗಿರುವುದು ಎರಡು ಬೇರೆ ಬೇರೆ ತೊಂದರೆಗಳು. ಒಂದು, ಮ್ಯಾಟ್ರಿಕ್ಸ್‌ನ ಒಂದೇ ಮನೆಗೆ ಇಬ್ಬರು ಏಕಕಾಲಕ್ಕೆ ಬರೆಯುವುದು, ಅಂದರೆ ರೇಸ್. ಇನ್ನೊಂದು, ಆ ಮನೆ ಎಲ್ಲಿದೆ ಎಂದು ಲೂಪ್ ಓಡುವಾಗಲೇ ಹುಡುಕುವುದು. ಹೆಚ್ಚಿನವರು ಮೊದಲನೆಯದರ ಹಿಂದೆ ಬೀಳುತ್ತಾರೆ. ಎರಡನೆಯದನ್ನು ಮೊದಲು ಬಗೆಹರಿಸಿಕೊಂಡರೆ ಮೊದಲನೆಯದು ಅರ್ಧ ಕರಗಿಹೋಗುತ್ತದೆ. ಜಾಗ ಗೊತ್ತುಮಾಡುವ ಕೆಲಸ ಒಂದೇ ಸಲ, ತುಂಬುವ ಕೆಲಸ ಪ್ರತಿ ಸಲ. ಈ ಎರಡನ್ನೂ ಬೇರ್ಪಡಿಸಿ ಎನ್ನುವುದೇ ನನ್ನ ಉತ್ತರದ ತಿರುಳು.

ಉತ್ತರ ಯಾಕೆ ತಪ್ಪಾಯಿತು ಎಂಬುದನ್ನು ಹತ್ತಿರದಿಂದ ನೋಡೋಣ. ಅಕ್ಕಪಕ್ಕದ ಎರಡು ಹೆಕ್ಸಾ ಎಲಿಮೆಂಟ್‌ಗಳು ಒಂದು ಮುಖವನ್ನು, ಅಂದರೆ 4 ನೋಡ್‌ಗಳನ್ನು, ಹಂಚಿಕೊಳ್ಳುತ್ತವೆ. 4 ನೋಡ್ ಅಂದರೆ 12 ಡಿಒಎಫ್. ಹಾಗಾಗಿ ಗ್ಲೋಬಲ್ ಮ್ಯಾಟ್ರಿಕ್ಸ್‌ನ 144 ಮನೆಗಳಿಗೆ ಎರಡೂ ಎಲಿಮೆಂಟ್‌ಗಳು ಬರೆಯಬೇಕು. ಅದರಲ್ಲಿ ಒಂದು ಮನೆಯಲ್ಲಿ ಈಗ 40 ಇದೆ ಎನ್ನಿ. ಮೊದಲ ಥ್ರೆಡ್ 40 ಓದಿತು. ಅದು ಕೂಡಿಸಿ ಬರೆಯುವ ಮೊದಲೇ ಎರಡನೇ ಥ್ರೆಡ್ ಕೂಡ 40 ಓದಿತು. ಮೊದಲನೆಯದು 7 ಕೂಡಿಸಿ 47 ಬರೆಯಿತು, ಎರಡನೆಯದು 5 ಕೂಡಿಸಿ ಅದರ ಮೇಲೆ 45 ಬರೆಯಿತು. ಇರಬೇಕಾದದ್ದು 52. ಮೊದಲ ಥ್ರೆಡ್‌ನ 7 ಕಳೆದೇಹೋಯಿತು. ಪ್ರೋಗ್ರಾಂ ಬೀಳುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಕರ್ಣದ ಮೇಲಿನ ಮನೆಯಲ್ಲಿ ಹೀಗಾದರೆ ಆ ಜಾಗ ಇರಬೇಕಾದ್ದಕ್ಕಿಂತ ಮೆತ್ತಗಾಗುತ್ತದೆ. ಮ್ಯಾಟ್ರಿಕ್ಸ್ ತನ್ನ ಸಮ್ಮಿತಿಯನ್ನೂ ಪಾಸಿಟಿವ್ ಡೆಫಿನಿಟ್ ಗುಣವನ್ನೂ ಕಳೆದುಕೊಳ್ಳಬಹುದು. ಈ ಎರಡು ಗುಣಗಳನ್ನು ನಂಬಿ ನಡೆಯುವ ಕಾಂಜುಗೇಟ್ ಗ್ರೇಡಿಯಂಟ್ ಸಾಲ್ವರ್ ವಿನಾಕಾರಣ ಒಮ್ಮೊಮ್ಮೆ ಕೈಕೊಟ್ಟರೆ ಮೊದಲು ಇಲ್ಲಿಯೇ ನೋಡಬೇಕು.

ಕ್ರಿಟಿಕಲ್ ಯಾಕೆ ನಿಧಾನ? ಇಡೀ ಮ್ಯಾಟ್ರಿಕ್ಸ್‌ಗೆ ಒಂದೇ ಬೀಗ, ಅದರ ಮುಂದೆ 16 ಥ್ರೆಡ್‌ಗಳ ಸಾಲು. ಒಂದು ಎಲಿಮೆಂಟ್‌ಗೆ 24 ಗುಣಿಸು 24, ಅಂದರೆ 576 ಕೂಡಿಕೆ. ಅಷ್ಟು ಹೊತ್ತು ಉಳಿದ 15 ಥ್ರೆಡ್‌ಗಳು ಕಾಯುತ್ತವೆ. ಬೀಗ ಕೈಬದಲಾದಾಗಲೆಲ್ಲ ಅದರ ಕ್ಯಾಶ್ ಲೈನ್ (ಕೋರ್‌ನ ಹತ್ತಿರದ ವೇಗದ ಮೆಮೊರಿಗೆ ಒಟ್ಟಿಗೆ ತರುವ ತುಂಡು) ಒಂದು ಕೋರ್‌ನಿಂದ ಇನ್ನೊಂದಕ್ಕೆ, ಕೆಲವೊಮ್ಮೆ ಒಂದು ಪ್ರೊಸೆಸರ್‌ನಿಂದ ಇನ್ನೊಂದಕ್ಕೆ ಹೋಗಬೇಕು. ಮ್ಯಾಟ್ರಿಕ್ಸ್‌ನ ಮನೆಗಳದ್ದೂ ಇದೇ ಅಲೆದಾಟ. ಒಂದೇ ಥ್ರೆಡ್ ಆಗಿದ್ದರೆ ಇವೆಲ್ಲ ಅದರ ಸ್ವಂತ ಕ್ಯಾಶ್‌ನಲ್ಲೇ ಬಿಸಿಯಾಗಿ ಇರುತ್ತಿದ್ದವು. ಕ್ರಿಟಿಕಲ್‌ನಿಂದ ಉತ್ತರ ಸರಿಯಾದದ್ದು ತಪ್ಪಿನ ಮೂಲ ಎಲ್ಲಿದೆ ಎಂದು ತೋರಿಸಿತು. ಅದರ ಉಪಯೋಗ ಅಷ್ಟೇ, ಈಗ ತೆಗೆದುಬಿಡಿ.

ಈಗ ಜಾಗ ಗೊತ್ತುಮಾಡುವ ಕೆಲಸ. ಮೆಶ್ ಬದಲಾಗುವವರೆಗೆ ಮ್ಯಾಟ್ರಿಕ್ಸ್‌ನ ಯಾವ ಮನೆಗಳು ಸೊನ್ನೆಯಲ್ಲ ಎಂಬ ವಿನ್ಯಾಸ ಬದಲಾಗುವುದಿಲ್ಲ. ನ್ಯೂಟನ್ ಸುತ್ತುಗಳು (ಉತ್ತರವನ್ನು ಹಂತಹಂತವಾಗಿ ತಿದ್ದುವ ಸುತ್ತುಗಳು) ನೂರು ಬಂದರೂ ಅದೇ ವಿನ್ಯಾಸ. ಹಾಗಾಗಿ ಸಿಎಸ್‌ಆರ್ ರಚನೆಯನ್ನು (ಸೊನ್ನೆಯಲ್ಲದ ಮನೆಗಳನ್ನು ಮಾತ್ರ ಸಾಲುಸಾಲಾಗಿ ಇಡುವ ರೀತಿ) ಒಮ್ಮೆ ಕಟ್ಟಿ ಇಟ್ಟುಕೊಳ್ಳಿ. ಕಟ್ಟುವುದನ್ನು ಡಿಒಎಫ್ ಮಟ್ಟದಲ್ಲಿ ಮಾಡಬೇಡಿ, ನೋಡ್ ಮಟ್ಟದಲ್ಲಿ ಮಾಡಿ. ಕೆಲಸ ಒಂಬತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲು ಪ್ರತಿ ನೋಡ್‌ಗೆ ಯಾವ ಯಾವ ಎಲಿಮೆಂಟ್ ತಾಗಿವೆ ಎಂಬ ತಿರುವುಪಟ್ಟಿ. ಆಮೇಲೆ ಪ್ರತಿ ನೋಡ್‌ಗೂ ಆ ಎಲಿಮೆಂಟ್‌ಗಳ ನೋಡ್‌ಗಳನ್ನೆಲ್ಲ ಸೇರಿಸಿ, ಏರಿಕೆಯ ಕ್ರಮದಲ್ಲಿಟ್ಟು, ಪುನರಾವರ್ತನೆ ತೆಗೆಯಿರಿ. ಇದು ಆ ನೋಡ್‌ನ ನೆರೆಪಟ್ಟಿ. ಮೊದಲ ಸುತ್ತಿನಲ್ಲಿ ಉದ್ದ ಮಾತ್ರ ಎಣಿಸಿ, ಉದ್ದಗಳ ಸಂಚಿತ ಮೊತ್ತ ತೆಗೆದು, ಎರಡನೇ ಸುತ್ತಿನಲ್ಲಿ ತುಂಬಿ. ಎರಡೂ ಸುತ್ತುಗಳಲ್ಲಿ ಒಂದು ನೋಡ್ ತನ್ನ ಜಾಗಕ್ಕೆ ಮಾತ್ರ ಬರೆಯುವುದರಿಂದ ಪ್ಯಾರಲಲ್ ಫಾರ್ ಹಾಗೇ ಹಾಕಬಹುದು, ಯಾವ ಪೈಪೋಟಿಯೂ ಇಲ್ಲ.

ಮುಂದಿನದೇ ನಿಜವಾದ ಲಾಭ ಇರುವ ಜಾಗ. ಪ್ರತಿ ಎಲಿಮೆಂಟ್‌ನ ಪ್ರತಿ ನೋಡ್ ಜೋಡಿಗೆ, ಅಂದರೆ 64 ಜೋಡಿಗಳಿಗೆ, ಎರಡನೇ ನೋಡ್ ಮೊದಲನೆಯದರ ನೆರೆಪಟ್ಟಿಯಲ್ಲಿ ಎಷ್ಟನೆಯದು ಎಂಬುದನ್ನು ಬೈನರಿ ಸರ್ಚ್‌ನಿಂದ ಒಮ್ಮೆ ಹುಡುಕಿ ಬರೆದಿಡಿ. ಕ್ರಮಬದ್ಧ ಹೆಕ್ಸಾ ಮೆಶ್‌ನಲ್ಲಿ ಒಳಗಿನ ನೋಡ್‌ಗೆ ತನ್ನನ್ನೂ ಸೇರಿಸಿ 27 ನೆರೆಯವರು. ಹಾಗಾಗಿ ಈ ಸಂಖ್ಯೆ ಒಂದು ಬೈಟ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ. ನೆರೆಯವರು 256 ಮೀರದಿದ್ದರೆ ಅಸ್ತವ್ಯಸ್ತ ಮೆಶ್‌ನಲ್ಲೂ ಸಾಕು. 64 ಜೋಡಿ, 64 ಬೈಟ್, ಸರಿಯಾಗಿ ಒಂದು ಕ್ಯಾಶ್ ಲೈನ್. 10 ಲಕ್ಷ ಎಲಿಮೆಂಟ್‌ಗೆ ಒಟ್ಟು 64 ಎಂಬಿ. ಇದನ್ನೇ ಡಿಒಎಫ್ ಮಟ್ಟದಲ್ಲಿ 4 ಬೈಟ್‌ನ ಪೂರ್ಣಾಂಕಗಳಾಗಿ ಇಟ್ಟಿದ್ದರೆ ಎಲಿಮೆಂಟ್‌ಗೆ 2,304 ಬೈಟ್, ಒಟ್ಟು 2.3 ಜಿಬಿ ಆಗುತ್ತಿತ್ತು. ಆಗ ಈ ನಕ್ಷೆಯನ್ನು ಓದುವುದೇ ಒಂದು ಹೊರೆ.

ತುಂಬುವಾಗ ಲೆಕ್ಕ ಹೀಗೆ: ನೋಡ್‌ನ ಒಂದು ಡಿಒಎಫ್‌ನ ಸಾಲು ಎಲ್ಲಿ ಶುರುವಾಗುತ್ತದೆ ಎಂಬುದು ಸಿಎಸ್‌ಆರ್‌ನಲ್ಲೇ ಇದೆ. ಅದಕ್ಕೆ ನೆರೆಸಂಖ್ಯೆಯ ಮೂರರಷ್ಟನ್ನು ಕೂಡಿಸಿ, ಮೇಲೆ ಕಾಲಂನ ದಿಕ್ಕಿಗೆ 0, 1 ಅಥವಾ 2 ಕೂಡಿಸಿ. ನೆರೆಸಂಖ್ಯೆಯನ್ನು ಸೊನ್ನೆಯಿಂದ ಎಣಿಸಿರಬೇಕು, ಒಂದು ನೋಡ್‌ನ ಮೂರೂ ಡಿಒಎಫ್‌ಗಳು ಅನುಕ್ರಮ ಸಂಖ್ಯೆಯಲ್ಲಿರಬೇಕು. ಅಷ್ಟಿದ್ದರೆ ಹುಡುಕಾಟ, ಹ್ಯಾಶ್, ಲೂಪ್ ಒಳಗೆ ಮೆಮೊರಿ ಕೇಳುವುದು ಯಾವುದೂ ಬೇಕಿಲ್ಲ. ನಿಮ್ಮ ಕೋಡ್ ಈಗ ಮನೆ ಹುಡುಕಲು ಮ್ಯಾಪ್ ಬಳಸುತ್ತಿದ್ದರೆ ಈ ಒಂದು ಬದಲಾವಣೆಯಿಂದಲೇ, ಒಂದೇ ಥ್ರೆಡ್‌ನಲ್ಲಿ, ವ್ಯತ್ಯಾಸ ಕಣ್ಣಿಗೆ ಕಾಣಬೇಕು.

ಗಾತ್ರಗಳನ್ನೂ ಒಮ್ಮೆ ಲೆಕ್ಕ ಹಾಕಿಕೊಳ್ಳಿ, ಯಾಕೆಂದರೆ ಕೆಲವು ದಾರಿಗಳು ಇಲ್ಲೇ ಮುಚ್ಚಿಹೋಗುತ್ತವೆ. ಸಾಲಿಗೆ 81 ಮನೆ, 30 ಲಕ್ಷ ಸಾಲು: 24.3 ಕೋಟಿ ಮನೆಗಳು. ಡಬಲ್‌ನಲ್ಲಿ ಮೌಲ್ಯಗಳಿಗೆ 1.94 ಜಿಬಿ, ಕಾಲಂ ಸಂಖ್ಯೆಗಳಿಗೆ 0.97 ಜಿಬಿ. ಥ್ರೆಡ್‌ಗೊಂದು ಖಾಸಗಿ ಪ್ರತಿ ಇಟ್ಟುಕೊಂಡು ಕೊನೆಗೆ ಕೂಡಿಸೋಣ ಎಂದರೆ 16 ಪ್ರತಿಗೆ 31 ಜಿಬಿ, ಜೊತೆಗೆ ಅಷ್ಟನ್ನೂ ಮತ್ತೆ ಓದಿ ಕೂಡಿಸುವ ಖರ್ಚು. ಬಲಬದಿಯ ವೆಕ್ಟರ್‌ಗೆ (ಸಮೀಕರಣದ ಬಲಗಳ ಪಟ್ಟಿ) ಅದು ಒಪ್ಪುತ್ತದೆ, ಮ್ಯಾಟ್ರಿಕ್ಸ್‌ಗೆ ಒಪ್ಪುವುದಿಲ್ಲ. ಸಾಲು, ಕಾಲಂ, ಮೌಲ್ಯ ಎಂದು ತ್ರಿವಳಿಗಳನ್ನು ಸುರಿದು ಆಮೇಲೆ ವಿಂಗಡಿಸಿ ಕೂಡಿಸುವ ವಿಧಾನಕ್ಕೆ 57.6 ಕೋಟಿ ತ್ರಿವಳಿ, ತಲಾ 16 ಬೈಟ್‌ನಂತೆ 9.2 ಜಿಬಿ. ಬರೆಯಲು ಸುಲಭ, ಪೈಪೋಟಿಯೂ ಇಲ್ಲ. ಆದರೆ ಪ್ರತಿ ನ್ಯೂಟನ್ ಸುತ್ತಿನಲ್ಲೂ ಅಷ್ಟನ್ನು ವಿಂಗಡಿಸುವುದು ವ್ಯರ್ಥ. ಸಣ್ಣ ಮೆಶ್‌ಗೆ, ಪೈಥಾನ್‌ನಲ್ಲಿ ಪ್ರಯೋಗ ಮಾಡುವವರಿಗೆ ಅದು ಸಾಕು.

ಉಳಿಯುವ ದಾರಿಗಳು ಮೂರು: ಅಟಾಮಿಕ್ ಕೂಡಿಕೆ, ಬಣ್ಣ ಹಚ್ಚುವುದು, ಸಾಲುಗಳಿಗೆ ಒಡೆಯರನ್ನು ನೇಮಿಸುವುದು.

ಇವುಗಳಲ್ಲಿ ಆರಿಸುವ ಮೊದಲು ಒಂದು ಅನುಪಾತ ನೋಡಿ. ಎಲಿಮೆಂಟ್ ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಎಷ್ಟು ಕೆಲಸ, ಅದನ್ನು ಸೇರಿಸಲು ಎಷ್ಟು ಬರವಣಿಗೆ? ನಿಮ್ಮ ಹೆಕ್ಸಾಗೆ 8 ಗಾಸ್ ಬಿಂದುಗಳು, ಅಂದರೆ ಎಲಿಮೆಂಟ್ ಒಳಗೆ ಲೆಕ್ಕ ಹಾಕುವ ಬಿಂದುಗಳು. ಪ್ರತಿ ಬಿಂದುವಿನಲ್ಲಿ 6 ಗುಣಿಸು 24ರ ಸ್ಟ್ರೇನ್ ಮ್ಯಾಟ್ರಿಕ್ಸ್ ಮತ್ತು 6 ಗುಣಿಸು 6ರ ಮೆಟೀರಿಯಲ್ ಮ್ಯಾಟ್ರಿಕ್ಸ್ ಗುಣಾಕಾರಗಳಿಗೆ ಸುಮಾರು 8,600 ಗಣಿತಕ್ರಿಯೆಗಳು, ಎಂಟಕ್ಕೆ 69,000. ಬರೆಯುವ ಮನೆ 576. ಒಂದು ಮನೆಗೆ 120 ಗಣಿತಕ್ರಿಯೆ. ಪ್ಲಾಸ್ಟಿಸಿಟಿ ಇದ್ದರೆ ಇನ್ನೂ ಹೆಚ್ಚು. ಅದೇ ಒಂದು ಗಾಸ್ ಬಿಂದುವಿನ 4 ನೋಡ್ ಟೆಟ್ರಾಗೆ ಸುಮಾರು 2,600 ಗಣಿತಕ್ರಿಯೆ, 144 ಮನೆ; ಮನೆಗೆ ಬರೀ 18. ಟೆಟ್ರಾ ಇದ್ದವರಿಗೆ ಬರವಣಿಗೆಯೇ ಮುಖ್ಯ ಖರ್ಚು, ನಿಮಗೆ ಹಾಗಲ್ಲ. ಬೇರೆಯವರ ಅಳತೆ ನೋಡಿ ವಿಧಾನ ಆರಿಸಬೇಡಿ ಎನ್ನುವುದು ಈ ಕಾರಣಕ್ಕೆ. ಅವರ ಎಲಿಮೆಂಟ್ ಯಾವುದು ಎಂಬುದರ ಮೇಲೆ ಫಲಿತಾಂಶ ತಿರುಗಿಬೀಳುತ್ತದೆ.

ಅಟಾಮಿಕ್ ಅತ್ಯಂತ ಸುಲಭ. ಕ್ರಿಟಿಕಲ್ ತೆಗೆದು, ಕೂಡಿಸುವ ಸಾಲಿನ ಮೇಲೆ ಓಎಂಪಿ ಅಟಾಮಿಕ್ ಹಾಕಿ. ಇಲ್ಲಿ ಬೀಗ ಇಡೀ ಮ್ಯಾಟ್ರಿಕ್ಸ್‌ಗಲ್ಲ, ಆ ಒಂದು ಮನೆಗೆ. ಆದರೆ ಎಕ್ಸ್86 ಪ್ರೊಸೆಸರ್‌ಗಳಲ್ಲಿ ದಶಮಾಂಶ (ಫ್ಲೋಟಿಂಗ್ ಪಾಯಿಂಟ್) ಸಂಖ್ಯೆಗೆ ನೇರ ಅಟಾಮಿಕ್ ಕೂಡಿಕೆಯ ಆದೇಶ ಇಲ್ಲ; ಕಂಪೈಲರ್ ಹೋಲಿಸಿ ಬದಲಿಸುವ ಆದೇಶದ ಸುತ್ತ ಒಂದು ಪುಟ್ಟ ಲೂಪ್ ಕಟ್ಟುತ್ತದೆ. ಪೈಪೋಟಿ ಇಲ್ಲದಿದ್ದರೂ ಒಂದೊಂದಕ್ಕೂ ಹತ್ತಾರು ಸೈಕಲ್, ಜೊತೆಗೆ ವೆಕ್ಟರ್ ಆದೇಶಗಳ ಲಾಭವೂ ಕೈತಪ್ಪುತ್ತದೆ. ಜಿಪಿಯುಗಳ ಕಥೆ ಬೇರೆ: ಎನ್‌ವಿಡಿಯಾದ ಪ್ಯಾಸ್ಕಲ್ ಪೀಳಿಗೆಯಿಂದ, ಅಂದರೆ 2016ರಿಂದ, ಡಬಲ್ ಸಂಖ್ಯೆಯ ಅಟಾಮಿಕ್ ಕೂಡಿಕೆ ಹಾರ್ಡ್‌ವೇರ್‌ನಲ್ಲೇ ಇದೆ, ಅಲ್ಲಿ ಇದನ್ನೇ ಮೊದಲು ಪ್ರಯತ್ನಿಸಬೇಕು.

ಸಿಪಿಯುನಲ್ಲಿ ಇದಕ್ಕೊಂದು ಒಳ್ಳೆಯ ತಿದ್ದುಪಡಿ ಇದೆ. ಎಲಿಮೆಂಟ್‌ಗಳನ್ನು ಮೊದಲೇ 16 ಒತ್ತಾದ ಗುಂಪುಗಳಾಗಿ ಹಂಚಿ, ಗುಂಪಿಗೊಂದು ಥ್ರೆಡ್ ಕೊಟ್ಟರೆ, ಎರಡು ಗುಂಪುಗಳ ಗಡಿಯಲ್ಲಿರುವ ನೋಡ್‌ಗಳಿಗೆ ಮಾತ್ರ ಅಟಾಮಿಕ್ ಬೇಕು. ಗುಂಪಿಗೆ 40 ಗುಣಿಸು 40 ಗುಣಿಸು 40 ಎಲಿಮೆಂಟ್ ಎಂದಿಟ್ಟುಕೊಂಡರೆ 41ರ ಘನ, 68,921 ನೋಡ್. ಅದರಲ್ಲಿ ಸಂಪೂರ್ಣ ಒಳಗಿರುವವು 39ರ ಘನ, 59,319. ಅಂದರೆ ನೂರಕ್ಕೆ 86 ನೋಡ್‌ಗಳ ಸಾಲುಗಳಿಗೆ ಸಾದಾ ಕೂಡಿಕೆ ಸಾಕು. ನೋಡ್‌ಗೊಂದು ಗುರುತು ಇಡಿ: ಹಂಚಿಕೆಯದೋ, ಖಾಸಗಿಯೋ. ಎಲಿಮೆಂಟ್‌ನ ಸಾಲು ತುಂಬುವ ಮೊದಲು ಆ ಗುರುತು ನೋಡಿ ದಾರಿ ಕವಲೊಡೆಯಲಿ. ಇಲ್ಲಿ ಷೆಡ್ಯೂಲ್ ಡೈನಮಿಕ್ (ಬಿಡುವಾದ ಥ್ರೆಡ್‌ಗೆ ಮುಂದಿನ ಕೆಲಸ ಕೊಡುವ ಆಯ್ಕೆ) ಹಾಕಿದರೆ ಕೆಟ್ಟಿತು. ಯಾವ ಎಲಿಮೆಂಟ್ ಯಾವ ಥ್ರೆಡ್‌ಗೆ ಎಂಬುದು ಸ್ಥಿರವಾಗಿದ್ದರೆ ಮಾತ್ರ ಆ ಗುರುತುಗಳಿಗೆ ಅರ್ಥ.

ಬಣ್ಣ ಹಚ್ಚುವುದೆಂದರೆ ಒಂದೇ ಬಣ್ಣದ ಯಾವ ಎರಡು ಎಲಿಮೆಂಟ್‌ಗಳೂ ನೋಡ್ ಹಂಚಿಕೊಳ್ಳದಂತೆ ವಿಂಗಡಿಸುವುದು. ಬಣ್ಣಗಳನ್ನು ಒಂದಾದ ಮೇಲೊಂದು ತೆಗೆದುಕೊಂಡು, ಬಣ್ಣದೊಳಗೆ ಪ್ಯಾರಲಲ್ ಫಾರ್. ಅಟಾಮಿಕ್ ಬೇಡ. ಹಚ್ಚುವ ಕೆಲಸವೂ ಸರಳ: ಪ್ರತಿ ನೋಡ್‌ಗೆ 64 ಬಿಟ್‌ನ ಒಂದು ಪೂರ್ಣಾಂಕ, ಬಿಟ್‌ಗೊಂದು ಬಣ್ಣ. ಎಲಿಮೆಂಟ್‌ನ 8 ನೋಡ್‌ಗಳ ಬಿಟ್‌ಗಳನ್ನು ಆರ್ ಮಾಡಿ, ಮೊದಲ ಖಾಲಿ ಬಿಟ್ ಹುಡುಕಿ, ಅದೇ ಬಣ್ಣ ಕೊಟ್ಟು, 8 ನೋಡ್‌ಗಳಲ್ಲೂ ಆ ಬಿಟ್ ಏರಿಸಿ. ಒಂದೇ ಸುತ್ತು. ಕ್ರಮಬದ್ಧ ಹೆಕ್ಸಾ ಮೆಶ್‌ಗೆ 8 ಬಣ್ಣ ಸಾಕು. ಒಂದು ನೋಡ್‌ಗೆ ಎಷ್ಟು ಎಲಿಮೆಂಟ್ ತಾಗಿವೆಯೋ ಕನಿಷ್ಠ ಅಷ್ಟು ಬಣ್ಣ ಬೇಕೇ ಬೇಕು. ಟೆಟ್ರಾ ಮೆಶ್‌ನಲ್ಲಿ ಅದು ಇಪ್ಪತ್ತು ದಾಟುವುದು ಸಾಮಾನ್ಯ. ಮೊದಲ ಖಾಲಿ ಬಣ್ಣವನ್ನೇ ಕೊಡುತ್ತ ಹೋದರೆ ಕೊನೆಯ ಬಣ್ಣಗಳಲ್ಲಿ ಬೆರಳೆಣಿಕೆಯ ಎಲಿಮೆಂಟ್ ಉಳಿದು ಥ್ರೆಡ್‌ಗಳು ಸುಮ್ಮನೆ ನಿಲ್ಲುತ್ತವೆ. ಖಾಲಿ ಇರುವವುಗಳಲ್ಲಿ ಈವರೆಗೆ ಅತಿ ಕಡಿಮೆ ಬಳಕೆಯಾದ ಬಣ್ಣ ಕೊಡಿ.

ಆದರೆ ಎಲಿಮೆಂಟ್ ಮಟ್ಟದ ಬಣ್ಣ ಕ್ಯಾಶ್‌ನ ವೈರಿ. ನೆರೆಯ ಎಲಿಮೆಂಟ್‌ಗಳು ಒಂದೇ ಬಣ್ಣದಲ್ಲಿರಬಾರದು ಎಂಬುದೇ ನಿಯಮವಾದ್ದರಿಂದ, ಈಗಷ್ಟೇ ತಂದ ನೋಡ್‌ನ ನಿರ್ದೇಶಾಂಕವಾಗಲಿ ಮ್ಯಾಟ್ರಿಕ್ಸ್ ಸಾಲಾಗಲಿ ಮುಂದಿನ ಎಲಿಮೆಂಟ್‌ಗೆ ಉಪಯೋಗಕ್ಕೆ ಬರುವುದಿಲ್ಲ. 8 ಬಣ್ಣ ಅಂದರೆ ಒಳಗಿನ ಒಂದೊಂದು ಸಾಲನ್ನೂ ಮುಖ್ಯ ಮೆಮೊರಿಯಿಂದ 8 ಸಲ ತಂದು 8 ಸಲ ಹಿಂದಿರುಗಿಸಿದಂತೆ. ಪರಿಹಾರ ಎಲಿಮೆಂಟ್‌ಗೆ ಬಿಟ್ಟು ಬ್ಲಾಕ್‌ಗೆ ಬಣ್ಣ ಹಚ್ಚುವುದು. ಅಕ್ಕಪಕ್ಕದ ಕೆಲವು ನೂರು ಎಲಿಮೆಂಟ್‌ಗಳನ್ನು ಒಂದು ಬ್ಲಾಕ್ ಮಾಡಿ, ನೋಡ್ ಹಂಚಿಕೊಳ್ಳುವ ಬ್ಲಾಕ್‌ಗಳಿಗೆ ಬೇರೆ ಬಣ್ಣ ಕೊಡಿ. ಬ್ಲಾಕ್ ಒಂದು ಥ್ರೆಡ್‌ನದ್ದು, ಅದರೊಳಗೆ ಸಾಮಾನ್ಯ ಲೂಪ್. ಬ್ಲಾಕ್ ಮಾಡಲು ಮೆಟಿಸ್ ಎಂಬ ಮೆಶ್ ಹಂಚುವ ಲೈಬ್ರರಿ ಬಳಸಬಹುದು. ಎಲಿಮೆಂಟ್‌ಗಳನ್ನು ಹಿಲ್ಬರ್ಟ್ ವಕ್ರರೇಖೆಯ ಕ್ರಮದಲ್ಲಿ (ಅಕ್ಕಪಕ್ಕದವು ಪಟ್ಟಿಯಲ್ಲೂ ಹತ್ತಿರ ಬರುವ ಕ್ರಮ) ಜೋಡಿಸಿ ಅನುಕ್ರಮವಾಗಿ ಕತ್ತರಿಸಿದರೂ ನಡೆಯುತ್ತದೆ.

ಬಣ್ಣದ ವಿಧಾನದಲ್ಲಿ ಒಂದು ಮಾತು ಮರೆಯಬೇಡಿ. ಬಣ್ಣವನ್ನು ಎಲಿಮೆಂಟ್ ಬರೆಯುವ ಸಾಲುಗಳ ಮೇಲೆ ನಿರ್ಧರಿಸಬೇಕು, ಜ್ಯಾಮಿತಿಯ ನೋಡ್‌ಗಳ ಮೇಲೆ ಅಲ್ಲ. ರಿಜಿಡ್ ಲಿಂಕ್, ಆವರ್ತಕ ಗಡಿ, ತೂಗಾಡುವ ನೋಡ್ ಇವೆಲ್ಲ ಇದ್ದಾಗ ಎಲಿಮೆಂಟ್‌ನ ಕೊಡುಗೆ ಎಲ್ಲೋ ದೂರದ ಮಾಸ್ಟರ್ ನೋಡ್‌ಗೆ (ಬೇರೆ ನೋಡ್‌ನ ಚಲನೆಯನ್ನು ನಿರ್ಧರಿಸುವ ನೋಡ್) ಹೋಗುತ್ತದೆ. ಮೆಶ್‌ನಲ್ಲಿ ಪರಸ್ಪರ ಮುಟ್ಟದ ಎರಡು ಎಲಿಮೆಂಟ್‌ಗಳು ಒಂದೇ ಮಾಸ್ಟರ್‌ಗೆ ಬರೆದರೆ ರೇಸ್ ಮತ್ತೆ ಬಂತು. ಸಾದಾ ಮಾದರಿಗಳಲ್ಲೆಲ್ಲ ಸರಿ ಇದ್ದು, ಕನ್‌ಸ್ಟ್ರೇಂಟ್ ಇರುವ ಮಾದರಿಯಲ್ಲಿ ಮಾತ್ರ ತಪ್ಪುವ ಕೋಡ್‌ಗಳಲ್ಲಿ ಮೊದಲು ಶಂಕಿಸಬೇಕಾದ ಜಾಗ ಇದು.

ಮೂರನೆಯದು ಸಾಲಿನ ಒಡೆತನ. ನೋಡ್‌ಗಳನ್ನು 16 ಭಾಗ ಮಾಡಿ, ಭಾಗಕ್ಕೊಬ್ಬ ಒಡೆಯ ಥ್ರೆಡ್. ತನ್ನ ನೋಡ್‌ಗಳನ್ನು ಮುಟ್ಟುವ ಎಲ್ಲ ಎಲಿಮೆಂಟ್‌ಗಳನ್ನೂ ಆ ಥ್ರೆಡ್ ಲೆಕ್ಕ ಹಾಕುತ್ತದೆ, ಆದರೆ ತನ್ನ ಸಾಲುಗಳಿಗೆ ಮಾತ್ರ ಬರೆಯುತ್ತದೆ. ಗಡಿಯ ಎಲಿಮೆಂಟ್‌ಗಳ ಲೆಕ್ಕ ಎರಡು ಮೂರು ಸಲ ಆಗುತ್ತದೆ. ಬದಲಿಗೆ ಅಟಾಮಿಕ್ ಇಲ್ಲ, ಬಣ್ಣ ಇಲ್ಲ, ಮಧ್ಯೆ ಕಾಯುವುದಿಲ್ಲ. ಪುನರಾವರ್ತನೆ ಎಷ್ಟು? 40ರ ಘನದಷ್ಟು ನೋಡ್‌ಗಳಿಗೆ 41ರ ಘನದಷ್ಟು ಎಲಿಮೆಂಟ್ ಬೇಕು. 64,000ಕ್ಕೆ 68,921, ನೂರಕ್ಕೆ 8ಕ್ಕಿಂತ ಸ್ವಲ್ಪ ಕಡಿಮೆ. ಭಾಗಗಳು ಉದ್ದ ಪಟ್ಟಿಗಳಂತಿದ್ದರೆ ಇದು ಬೇಗ ಏರುತ್ತದೆ, ಹಾಗಾಗಿ ಭಾಗಗಳು ಉಂಡೆಯಂತಿರಲಿ. ಇನ್ನೊಂದು ಸೊಗಸು: ಪ್ರತಿ ಥ್ರೆಡ್ ತನ್ನ ಪಟ್ಟಿಯನ್ನು ಎಲಿಮೆಂಟ್ ಸಂಖ್ಯೆಯ ಏರಿಕೆಯಲ್ಲಿ ನಡೆಸಿದರೆ, ಪ್ರತಿ ಮನೆಯಲ್ಲೂ ಕೂಡಿಕೆಯ ಕ್ರಮ ಒಂದೇ ಥ್ರೆಡ್‌ನ ಕ್ರಮವೇ ಆಗಿರುತ್ತದೆ. ಉತ್ತರ ಕೊನೆಯ ಬಿಟ್‌ವರೆಗೂ ಸೀರಿಯಲ್ ಉತ್ತರಕ್ಕೆ ಸಮ. ದಶಮಾಂಶ ಕೂಡಿಕೆಯಲ್ಲಿ ಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗುತ್ತವೆ. ಅಟಾಮಿಕ್‌ನಲ್ಲಿ ಇದು ಓಟದಿಂದ ಓಟಕ್ಕೆ ಆಗುವುದು ಸಹಜ, ರೇಸ್ ಎಂದು ಗಾಬರಿಯಾಗಬೇಕಿಲ್ಲ. ಬಣ್ಣದಲ್ಲಿ ಕ್ರಮ ಸ್ಥಿರ, ಆದರೆ ಸೀರಿಯಲ್ ಕ್ರಮವಲ್ಲ.

ಒಡೆತನದ ವಿಧಾನಕ್ಕೆ ಪ್ಲಾಸ್ಟಿಸಿಟಿ ಒಂದು ಮುಳ್ಳು. ಗಡಿಯ ಎಲಿಮೆಂಟ್ ಅನ್ನು ಎರಡು ಥ್ರೆಡ್ ಲೆಕ್ಕ ಹಾಕಿದಾಗ ಗಾಸ್ ಬಿಂದುವಿನ ಪ್ಲಾಸ್ಟಿಕ್ ಸ್ಟ್ರೇನ್, ಹಾರ್ಡನಿಂಗ್ ಮುಂತಾದ ಇತಿಹಾಸದ ಬೆಲೆಗಳನ್ನೂ ಇಬ್ಬರೂ ಬರೆಯುತ್ತಾರೆ. ಹಳೆಯ ಬೆಲೆಯ ಮೇಲೆಯೇ ಹೊಸದನ್ನು ಬರೆಯುವ ಕೋಡ್ ಆಗಿದ್ದರೆ ಎರಡನೆಯವನು ಈಗಾಗಲೇ ಮುಂದೆ ಸಾಗಿದ ಸ್ಥಿತಿಯಿಂದ ಮತ್ತೆ ಲೆಕ್ಕ ಶುರುಮಾಡುತ್ತಾನೆ. ಹಿಂದಿನ ಒಪ್ಪಿತ ಸ್ಥಿತಿ ಮತ್ತು ಈ ಸುತ್ತಿನ ಸ್ಥಿತಿ ಎರಡಕ್ಕೂ ಬೇರೆ ಅರೇ ಇಡಿ. ಹೊಸದನ್ನು ಎಲಿಮೆಂಟ್‌ನ ಒಬ್ಬ ಒಡೆಯ ಮಾತ್ರ ಬರೆಯಲಿ. ರಿಟರ್ನ್ ಮ್ಯಾಪಿಂಗ್ (ಪ್ಲಾಸ್ಟಿಕ್ ಸ್ಥಿತಿಯ ಸ್ಟ್ರೆಸ್ ಹುಡುಕುವ ಲೆಕ್ಕ) ದುಬಾರಿಯಾದ ಮಾಡೆಲ್‌ಗಳಲ್ಲಿ ಪುನರಾವರ್ತನೆಯ ಖರ್ಚೂ ಏರುತ್ತದೆ. ಹಾಗಾಗಿ ನಿಮಗೆ ನನ್ನ ಸಲಹೆ: ಗುಂಪು ಮಾಡಿ ಗಡಿಗೆ ಮಾತ್ರ ಅಟಾಮಿಕ್ ಹಾಕುವ ವಿಧಾನದಿಂದ ಶುರುಮಾಡಿ. ಬಿಟ್‌ವರೆಗೂ ಒಂದೇ ಉತ್ತರ ಬೇಕೆಂದಾದರೆ ಬ್ಲಾಕ್ ಬಣ್ಣಕ್ಕೆ ಹೋಗಿ. ಬರೀ ಎಲಾಸ್ಟಿಕ್ ಆಗಿದ್ದರೆ ಒಡೆತನವನ್ನೇ ಹೇಳುತ್ತಿದ್ದೆ.

ನಿಮ್ಮ ಯಂತ್ರದಲ್ಲಿ ಎರಡು ಪ್ರೊಸೆಸರ್ ಇರುವುದರಿಂದ ಮೆಮೊರಿಯೂ ಎರಡು ಭಾಗ. ಲಿನಕ್ಸ್‌ನಲ್ಲಿ ಒಂದು ಪುಟವನ್ನು ಮೊದಲು ಮುಟ್ಟಿ ಬರೆದ ಥ್ರೆಡ್ ಯಾವ ಪ್ರೊಸೆಸರ್‌ನಲ್ಲಿದೆಯೋ ಆ ಬದಿಯ ಮೆಮೊರಿಯಲ್ಲೇ ಪುಟ ಕೂರುತ್ತದೆ. ಸ್ಟ್ಯಾಂಡರ್ಡ್ ವೆಕ್ಟರ್‌ಗೆ ಗಾತ್ರ ಕೊಟ್ಟ ಕ್ಷಣವೇ ಅದು ಒಂದೇ ಥ್ರೆಡ್‌ನಲ್ಲಿ ಸೊನ್ನೆ ತುಂಬುತ್ತದೆ; 1.94 ಜಿಬಿಯೂ ಒಂದೇ ಬದಿಗೆ ಹೋಯಿತು. ಇನ್ನೊಂದು ಬದಿಯ 8 ಕೋರ್‌ಗಳು ಪ್ರತಿ ಬರಹಕ್ಕೂ ಸೇತುವೆ ದಾಟಬೇಕು. ಸೊನ್ನೆ ತುಂಬದ ಅಲೊಕೇಷನ್ ಬಳಸಿ, ಅಸೆಂಬ್ಲಿಯಲ್ಲಿ ಯಾವ ಥ್ರೆಡ್ ಯಾವ ಸಾಲು ತುಂಬುತ್ತದೋ ಅದೇ ಥ್ರೆಡ್ ಆ ಸಾಲಿಗೆ ಮೊದಲ ಸೊನ್ನೆ ಬರೆಯಲಿ. ಓಎಂಪಿ ಪ್ರಾಕ್ ಬೈಂಡ್ ಮತ್ತು ಓಎಂಪಿ ಪ್ಲೇಸಸ್ ಎಂಬ ಪರಿಸರ ಚರಾಂಶಗಳಿಂದ ಥ್ರೆಡ್‌ಗಳನ್ನು ಕೋರ್‌ಗಳಿಗೆ ಕಟ್ಟಿಹಾಕಿ, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದೂ ನೀರಿನಲ್ಲಿ ಹೋಮ. ಎಂಟು ಥ್ರೆಡ್‌ವರೆಗೆ ಚೆನ್ನಾಗಿ ಏರಿದ ವೇಗ ಹದಿನಾರಕ್ಕೆ ನಿಂತುಬಿಟ್ಟರೆ ಇದೇ ಕಾರಣ ಇರುವ ಸಾಧ್ಯತೆ ಹೆಚ್ಚು.

ಫೋರ್ಟ್ರಾನ್ ಸಬ್‌ರೂಟೀನ್‌ಗಳ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕು, ಯಾಕೆಂದರೆ ಇಲ್ಲಿಯ ತಪ್ಪು ಕ್ರಿಟಿಕಲ್ ಹಾಕಿದರೂ ಹೋಗುವುದಿಲ್ಲ, ಒಮ್ಮೊಮ್ಮೆ ಮಾತ್ರ ತಲೆಯೆತ್ತುತ್ತದೆ. ಫೋರ್ಟ್ರಾನ್‌ನಲ್ಲಿ ಒಂದು ಲೋಕಲ್ ಚರಾಂಶಕ್ಕೆ ಘೋಷಣೆಯ ಸಾಲಿನಲ್ಲೇ ಆರಂಭದ ಬೆಲೆ ಕೊಟ್ಟರೆ ಅದು ತಾನಾಗಿಯೇ ಸೇವ್ ಆಗುತ್ತದೆ. ಅಂದರೆ ಒಂದೇ ಪ್ರತಿ, ಎಲ್ಲ ಥ್ರೆಡ್‌ಗಳಿಗೂ ಸಾಮಾನ್ಯ. ಮೊತ್ತ ಸೊನ್ನೆಯಿಂದ ಶುರುವಾಗಲಿ ಎಂದು ಹಾಗೆ ಬರೆದವರು ಎಷ್ಟೋ ಜನ. ಘೋಷಣೆ ಒಂದು ಸಾಲು, ಸೊನ್ನೆ ಮಾಡುವುದು ಬೇರೆ ಸಾಲು ಎಂದು ಬದಲಿಸಿ. ಕಾಮನ್ ಬ್ಲಾಕ್‌ಗಳಿದ್ದರೆ (ಸಬ್‌ರೂಟೀನ್‌ಗಳು ಹಂಚಿಕೊಳ್ಳುವ ಮೆಮೊರಿ) ಥ್ರೆಡ್‌ಪ್ರೈವೇಟ್ ಘೋಷಿಸಿ, ಇಲ್ಲವೇ ಆರ್ಗ್ಯುಮೆಂಟ್ ಆಗಿ ಕಳಿಸಿ. ಆ ಕಡತಗಳನ್ನೂ ಓಪನ್‌ಎಂಪಿ ಫ್ಲ್ಯಾಗ್ ಕೊಟ್ಟೇ ಕಂಪೈಲ್ ಮಾಡಿ. ಕೊಡದಿದ್ದರೆ ಜಿಫೋರ್ಟ್ರಾನ್ ದೊಡ್ಡ ಲೋಕಲ್ ಅರೇಗಳನ್ನು ಸ್ಟ್ಯಾಕ್‌ನ ಬದಲು ಸ್ಥಿರ ಮೆಮೊರಿಯಲ್ಲಿ ಇಡಬಹುದು, ಆಗ ಅವೂ ಸಾಮಾನ್ಯ ಆಸ್ತಿ.

ಸ್ಥಾನಪಲ್ಲಟ ಮೊದಲೇ ಕೊಟ್ಟು ಕಟ್ಟಿಹಾಕಿದ ಡಿಒಎಫ್‌ಗಳನ್ನು ಎಲಿಮೆಂಟ್ ಮಟ್ಟದಲ್ಲೇ ಮುಗಿಸುವುದು ಲೇಸು: ಕೊಟ್ಟ ಸ್ಥಾನಪಲ್ಲಟವನ್ನು ಎಲಿಮೆಂಟ್‌ನ ಆ ಕಾಲಂನಿಂದ ಗುಣಿಸಿ ಬಲಬದಿಯಿಂದ ಕಳೆಯಿರಿ, ಆ ಸಾಲು ಮತ್ತು ಕಾಲಂ ಬರೆಯದೆ ಬಿಡಿ. ಕರ್ಣದಲ್ಲಿ 1 ಇಡುವುದನ್ನು ಎಲಿಮೆಂಟ್ ಲೂಪ್‌ನಲ್ಲಿ ಮಾಡಬೇಡಿ. ಆ ನೋಡ್‌ಗೆ 8 ಎಲಿಮೆಂಟ್ ತಾಗಿದ್ದರೆ ಅಲ್ಲಿ 8 ಕೂರುತ್ತದೆ. ಲೂಪ್ ಮುಗಿದ ಮೇಲೆ ಒಮ್ಮೆ ಇಡಿ. ಹಾಗೆಯೇ ಬಲಬದಿಯ ವೆಕ್ಟರ್‌ಗೂ ರೇಸ್ ಇದೆ. ಮ್ಯಾಟ್ರಿಕ್ಸ್ ಸರಿಮಾಡಿ ವೆಕ್ಟರ್ ಮರೆಯುವುದು ತೀರಾ ಸಾಮಾನ್ಯ.

ಸರಿಯಾಯಿತೋ ಇಲ್ಲವೋ ಎಂದು ನೋಡಲು ಒಂದು ಅಗ್ಗದ, ನಂಬಬಹುದಾದ ಪರೀಕ್ಷೆ ಇದೆ. ಗಡಿ ನಿಯಮಗಳನ್ನು ಹಾಕುವ ಮೊದಲು, ಎಲ್ಲ ನೋಡ್‌ಗೂ ಒಂದೇ ದಿಕ್ಕಿನಲ್ಲಿ 1 ಇರುವ ಸ್ಥಾನಪಲ್ಲಟದಿಂದ ಮ್ಯಾಟ್ರಿಕ್ಸ್ ಗುಣಿಸಿ. ಇಡೀ ವಸ್ತು ಹಾಗೇ ಸರಿದರೆ ಬಲ ಹುಟ್ಟಬಾರದು, ಹಾಗಾಗಿ ಫಲ ಸೊನ್ನೆ. ಪ್ರತಿ ಸಾಲಿನ ಫಲವನ್ನು ಆ ಸಾಲಿನ ಅತಿ ದೊಡ್ಡ ಬೆಲೆಯಿಂದ ಭಾಗಿಸಿ. 10ರ ಮೈನಸ್ 12ನೇ ಘಾತದ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ದುಂಡಗಾಗುವಿಕೆಯ ದೋಷ ಅಷ್ಟೇ. ಕಳೆದುಹೋದ ಬರಹ ಇದ್ದರೆ ಆ ಸಾಲು ಸಾವಿರದಲ್ಲೊಂದು, ನೂರರಲ್ಲೊಂದು ಎಂದು ಎದ್ದುಕಾಣುತ್ತದೆ, ಯಾವ ನೋಡ್ ಎಂದೂ ಗೊತ್ತಾಗುತ್ತದೆ. ಆ ನೋಡ್‌ಗಳು ಗುಂಪುಗಳ ಗಡಿಯಲ್ಲೇ ಸಾಲುಗಟ್ಟಿದ್ದರೆ ಹಂಚಿಕೆಯ ಗುರುತು ತಪ್ಪಿದೆ; ಎಲ್ಲೆಂದರಲ್ಲಿ ಚೆಲ್ಲಿದ್ದರೆ ಷೆಡ್ಯೂಲ್ ಕಡೆ ನೋಡಿ. ಮೂರೂ ದಿಕ್ಕಿಗೆ ಮಾಡಿ. ಆದರೆ ಈ ಪರೀಕ್ಷೆ ಫೋರ್ಟ್ರಾನ್ ಒಳಗಿನ ತಪ್ಪನ್ನು ಹಿಡಿಯುವುದಿಲ್ಲ: ಮೆಟೀರಿಯಲ್ ಮ್ಯಾಟ್ರಿಕ್ಸ್ ಹೇಗೇ ಕೆಟ್ಟಿದ್ದರೂ ಸರಿದಾಟಕ್ಕೆ ಸ್ಟ್ರೇನ್ ಸೊನ್ನೆಯೇ. ಅದಕ್ಕೆ ಗಾಸ್ ಬಿಂದುಗಳ ಸ್ಟ್ರೆಸ್ ಅನ್ನು ಒಂದು ಥ್ರೆಡ್‌ನ ಓಟದ ಜೊತೆ ಹೋಲಿಸಿ. ರೇಸ್ ಹುಡುಕುವ ಥ್ರೆಡ್ ಸ್ಯಾನಿಟೈಜರ್ ಬಳಸುವುದಾದರೆ ಕ್ಲ್ಯಾಂಗ್ ಕಂಪೈಲರ್ ಜೊತೆ, ಅದಕ್ಕೆ ಓಪನ್‌ಎಂಪಿಯ ನಡೆ ತಿಳಿಸುವ ಆರ್ಚರ್ ಇಟ್ಟುಕೊಳ್ಳಿ. ಜಿಸಿಸಿಯ ಓಪನ್‌ಎಂಪಿ ಲೈಬ್ರರಿಯ ಜೊತೆ ಸ್ಯಾನಿಟೈಜರ್ ಇಲ್ಲದ ರೇಸ್‌ಗಳನ್ನೂ ವರದಿ ಮಾಡುತ್ತದೆ.

ವೇಗ ಅಳೆಯುವಾಗ ವಿನ್ಯಾಸ ಕಟ್ಟುವುದು, ಸೊನ್ನೆ ತುಂಬುವುದು, ಎಲಿಮೆಂಟ್ ಲೆಕ್ಕ, ಸೇರಿಸುವುದು, ಸಾಲ್ವ್ ಇವನ್ನು ಬೇರೆ ಬೇರೆ ಅಳೆಯಿರಿ. ಸೇರಿಸುವುದರ ಪಾಲು ತಿಳಿಯಲು ಆ ಸಾಲುಗಳನ್ನು ತೆಗೆದು ಓಡಿಸುವವರು ಒಂದು ಮೋಸಕ್ಕೆ ಬೀಳುತ್ತಾರೆ: ಫಲ ಎಲ್ಲೂ ಬಳಕೆಯಾಗದಿದ್ದರೆ ಕಂಪೈಲರ್ ಎಲಿಮೆಂಟ್ ಲೆಕ್ಕವನ್ನೂ ಅಳಿಸಿಬಿಡುತ್ತದೆ. 576 ಬೆಲೆಗಳ ಮೊತ್ತವನ್ನು ಒಂದು ರಿಡಕ್ಷನ್ ಚರಾಂಶಕ್ಕೆ ಕೂಡಿಸಿ ಕೊನೆಗೆ ಮುದ್ರಿಸಿ. ಅಸೆಂಬ್ಲಿ ಒಟ್ಟು ಹೊತ್ತಿನ ನೂರಕ್ಕೆ 30 ಮಾತ್ರ ಆಗಿದ್ದರೆ, ಅದು ಸೊನ್ನೆಗೆ ಇಳಿದರೂ ಒಟ್ಟು ವೇಗ 1.43 ಪಟ್ಟು ಮೀರದು ಎಂಬುದನ್ನೂ ನೆನಪಿಡಿ.

ಎಂಪಿಐಗೆ ಹೋಗುವಾಗ ಮೇಲಿನ ಗುಂಪುಗಳೇ ಪ್ರೊಸೆಸ್‌ಗಳಾಗುತ್ತವೆ. ಎಲಿಮೆಂಟ್‌ಗಳನ್ನು ಮೆಟಿಸ್‌ನಿಂದ ಹಂಚಿ, ಗಡಿಯ ನೋಡ್‌ಗಳಿಗೆ ಒಬ್ಬೊಬ್ಬ ಒಡೆಯನನ್ನು ನೇಮಿಸಿ, ಪ್ರತಿ ಪ್ರೊಸೆಸ್‌ನ ಸಾಲುಗಳು ಅನುಕ್ರಮವಾಗಿ ಬರುವಂತೆ ಡಿಒಎಫ್ ಸಂಖ್ಯೆಗಳನ್ನು ಬದಲಿಸಿ. ಪ್ಲಾಸ್ಟಿಕ್ ಆಗುವ ವಲಯದ ಎಲಿಮೆಂಟ್‌ಗಳಿಗೆ ಹಂಚಿಕೆಯಲ್ಲಿ ಹೆಚ್ಚು ತೂಕ ಕೊಡಿ. ಪೆಟ್ಸಿ ಎಂಬ ಸಾಲ್ವರ್ ಲೈಬ್ರರಿ ಬಳಸಿದರೆ ಬೇರೆಯವರ ಸಾಲಿಗೆ ನೀವು ಸೇರಿಸಿದ್ದನ್ನು ಅದೇ ಕಳಿಸಿಕೊಡುತ್ತದೆ. ಬೆಲೆ ಸೇರಿಸುವ ಅದರ ಮ್ಯಾಟ್‌ಸೆಟ್‌ವ್ಯಾಲ್ಯೂಸ್ ಅನ್ನು ನೋಡ್ ಬ್ಲಾಕ್‌ಗಳಲ್ಲಿ ಕರೆಯಿರಿ, ಮತ್ತು ಒಂದೇ ಮ್ಯಾಟ್ರಿಕ್ಸ್ ಮೇಲೆ ಹಲವು ಥ್ರೆಡ್‌ಗಳಿಂದ ಕರೆಯಬೇಡಿ. ಅದು ಋಣ ಸೂಚ್ಯಂಕಗಳನ್ನು ಬಿಟ್ಟುಬಿಡುತ್ತದೆ. ಕಟ್ಟಿಹಾಕಿದ ಡಿಒಎಫ್‌ಗೆ ಮೈನಸ್ 1 ಕೊಟ್ಟರೆ ಸಾಕು. ಜಾಗವನ್ನು ಮೊದಲೇ ಕಾಯ್ದಿರಿಸದಿದ್ದರೆ ಹಳೆಯ ಆವೃತ್ತಿಗಳಲ್ಲಿ ವೇಗ 50 ಪಟ್ಟಿಗೂ ಮೀರಿ ಕುಸಿಯಬಹುದು ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಇನ್ಫೋ ಆಯ್ಕೆ ಕೊಟ್ಟು ಓಡಿಸಿ, ಬೆಲೆ ತುಂಬುವಾಗ ಆದ ಮ್ಯಾಲಾಕ್‌ಗಳ (ಹೊಸದಾಗಿ ಮೆಮೊರಿ ಕೇಳಿದ ಸಲಗಳ) ಸಂಖ್ಯೆ ಸೊನ್ನೆಯೇ ಎಂದು ನೋಡಿ. ಕೂಡಿಸುವುದು ಮತ್ತು ಬದಲಿಸಿ ಬರೆಯುವುದು ಇವೆರಡನ್ನೂ ಮಧ್ಯೆ ಫ್ಲಶ್ ಇಲ್ಲದೆ ಬೆರೆಸಿದರೆ ಎರರ್ ಬರುತ್ತದೆ. ಅಸೆಂಬ್ಲಿ ಬಿಗಿನ್ ಮತ್ತು ಎಂಡ್ ಎಲ್ಲ ಪ್ರೊಸೆಸ್‌ಗಳೂ ಒಟ್ಟಾಗಿ ಕರೆಯಬೇಕಾದವು. ಯಾವುದೋ ಪ್ರೊಸೆಸ್‌ಗೆ ಆ ಮೆಟೀರಿಯಲ್‌ನ ಎಲಿಮೆಂಟ್ ಒಂದೂ ಬಂದಿಲ್ಲ ಎಂದು ಅದು ಆ ಕವಲಿಗೇ ಹೋಗದಿದ್ದರೆ ಉಳಿದವರೆಲ್ಲ ಕೊನೆಯಿಲ್ಲದೆ ಕಾಯುತ್ತ ನಿಲ್ಲುತ್ತಾರೆ, ಆದ್ದರಿಂದ ಆ ಕರೆಗಳನ್ನು ಎಲ್ಲ ಷರತ್ತುಗಳ ಹೊರಗೆ ಇಡಿ.

ಮೆಶ್ ದೊಡ್ಡದಾಗುತ್ತ ಹೋದಾಗ 32 ಬಿಟ್ ಪೂರ್ಣಾಂಕದ ಮಿತಿ 2,147,483,647 ಎಂಬುದೂ ಎದುರಾಗುತ್ತದೆ. ಸಾಲಿಗೆ 81 ಮನೆಯಂತೆ ಒಂದೇ ಪ್ರೊಸೆಸ್‌ನಲ್ಲಿ 2.65 ಕೋಟಿ ಸಾಲು, ಅಂದರೆ ಸುಮಾರು 88 ಲಕ್ಷ ನೋಡ್ ದಾಟಿದರೆ ಮನೆಗಳ ಎಣಿಕೆ ಉಕ್ಕಿ ಋಣವಾಗುತ್ತದೆ. ಸಾಲಿನ ಆರಂಭ ಹೇಳುವ ಅರೇಯನ್ನು ಈಗಲೇ 64 ಬಿಟ್ ಮಾಡಿಡಿ. 30 ಲಕ್ಷ ಸಾಲಿಗೆ ಅದು ಬರೀ 24 ಎಂಬಿ. ಕಾಲಂ ಸಂಖ್ಯೆಗಳು 32 ಬಿಟ್‌ನಲ್ಲೇ ಇರಲಿ.